ಪಿಸಿಯಿಂದ ವೈಪರ್ ಮೋಟರ್ ಸ್ಪೀಡ್ ಕಂಟ್ರೋಲ್: ಫ್ರೇಮಿಗೆ ಕೂರಿಸಿದ ತಕ್ಷಣ ಫುಲ್ ಸ್ಪೀಡ್, ಯಾಕೆ?

ಮೇಟಗಳ್ಳಿ_ಬೆಂಚ್ (ಮೈಸೂರು)

ನಮಸ್ಕಾರ. ಅಗರಬತ್ತಿ ಮಸಾಲೆ ಸ್ಯಾಂಪಲ್ ಕಲಸೋ ಸಣ್ಣ ಮಿಕ್ಸರ್ ಇದು, ಒಂದು ಸಲಕ್ಕೆ ಅರ್ಧ ಕೆಜಿ. ಗುಜರಿಯ 12 ವೋಲ್ಟ್ ಕಾರ್ ವೈಪರ್ ಮೋಟರ್, 12 ವೋಲ್ಟ್ 10 ಆಂಪ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ಹಳೇ ಪೆಂಟಿಯಮ್ 4 ಡೆಸ್ಕ್‌ಟಾಪ್. ಪ್ರಿಂಟರ್ ಪೋರ್ಟಿನ 2ನೇ ಪಿನ್ ನೇರವಾಗಿ ಐಆರ್‌ಎಫ್‌ಝಡ್44ಎನ್ ಮೋಸ್‌ಫೆಟ್ಟಿನ (ಎಲೆಕ್ಟ್ರಾನಿಕ್ ಸ್ವಿಚ್) ಗೇಟಿಗೆ, 18ನೇ ಪಿನ್ ಗ್ರೌಂಡಿಗೆ. ಮೋಸ್‌ಫೆಟ್ ಇರೋದು ಮೋಟರಿನ ನೆಗೆಟಿವ್ ಕಡೆ. ಡಯೋಡ್ 1ಎನ್4007. ಪೈಥಾನ್‌ನಲ್ಲಿ ಪಿನ್ ಆನ್-ಆಫ್ ಮಾಡಿ 100 ಹರ್ಟ್ಸ್ ಪಿಡಬ್ಲ್ಯುಎಂ (ಆನ್ ಇರೋ ಹೊತ್ತನ್ನ ಹೆಚ್ಚು-ಕಮ್ಮಿ ಮಾಡಿ ಸ್ಪೀಡ್ ಬದಲಿಸೋ ಪಲ್ಸ್) ಕೊಡೋ ಪ್ರಯತ್ನ.

ಮೇಜಿನ ಮೇಲಿಟ್ಟರೆ ಸ್ಪೀಡ್ ಕಮ್ಮಿ-ಜಾಸ್ತಿ ಆಗುತ್ತೆ, ಆದ್ರೆ ಜರ್ಕ್ ಹೊಡೆಯುತ್ತೆ, ಮೋಸ್‌ಫೆಟ್ ಮುಟ್ಟೋಕಾಗದಷ್ಟು ಬಿಸಿ. ಕಬ್ಬಿಣದ ಫ್ರೇಮಿಗೆ ಬೋಲ್ಟ್ ಬಿಗಿದ್ರೆ ಪ್ರೋಗ್ರಾಂ ಓಡಿಸೋ ಮೊದಲೇ ಫುಲ್ ಸ್ಪೀಡ್!

ಹೆಬ್ಬಾಳ_ಪ್ಯಾನಲ್ (ಮೈಸೂರು)

ಮೊದಲು ಫ್ರೇಮಿನ ವಿಷಯ, ಅಪಾಯ ಇರೋದು ಅಲ್ಲೇ. ಎಷ್ಟೋ ವೈಪರ್ ಮೋಟರುಗಳಲ್ಲಿ ನೆಗೆಟಿವ್ ಬ್ರಷ್ ಬಾಡಿಗೇ ಸೇರಿರುತ್ತೆ. ಮಲ್ಟಿಮೀಟರನ್ನ ಕಂಟಿನ್ಯುಟಿಗೆ ಹಾಕಿ ನೆಗೆಟಿವ್ ವೈರು, ಬಾಡಿ ಎರಡಕ್ಕೂ ಮುಟ್ಟಿಸಿ. ಬೀಪ್ ಬಂದ್ರೆ ಅದೇ. ಫ್ರೇಮ್ ಅರ್ತ್ ಆಗಿದೆ, ಪ್ರಿಂಟರ್ ಪೋರ್ಟಿನ ಗ್ರೌಂಡ್ ಪಿಸಿ ಕ್ಯಾಬಿನೆಟ್ ಮೂಲಕ ಅದೇ ಅರ್ತಿಗೆ ಹೋಗುತ್ತೆ. ಅಲ್ಲಿಗೆ ಮೋಸ್‌ಫೆಟ್ಟನ್ನ ಬಿಟ್ಟು ಕರೆಂಟ್ ಪೂರ್ತಿ ಅರ್ತ್ ವೈರು, ನಿಮ್ಮ ಪ್ರಿಂಟರ್ ಕೇಬಲ್ ಹಿಡಿದು ವಾಪಸ್ ಬರ್ತಿದೆ. ಪೋರ್ಟ್ ಇನ್ನೂ ಬದುಕಿದ್ರೆ ಅದೃಷ್ಟ, ಈಗಲೇ ಕೇಬಲ್ ಬಿಚ್ಚಿ.

ಬೇಕಲೈಟ್ ಶೀಟ್, ನೈಲಾನ್ ವಾಷರ್ ಹಾಕಿ ಬಾಡಿಯನ್ನ ಬೇರೆ ಮಾಡಬಹುದು, ಆದ್ರೆ ಶಾಫ್ಟೂ ಬಾಡಿಗೆ ಸೇರಿರೋದ್ರಿಂದ ಕಪ್ಲಿಂಗೂ ನೈಲಾನ್ ಆಗ್ಬೇಕು. ಅದಕ್ಕಿಂತ ಸ್ವಿಚಿಂಗನ್ನ ಪಾಸಿಟಿವ್ ಕಡೆಗೆ ತನ್ನಿ. ಬಿಟಿಎಸ್7960 ಮಾಡ್ಯೂಲ್ (ಮೋಟರ್ ಡ್ರೈವರ್ ಬೋರ್ಡ್) ತಗೊಂಡು ಅದರ ಒಂದೇ ಅರ್ಧ ಬಳಸಿ: ಆ ಅರ್ಧದ ಔಟ್‌ಪುಟ್ ಮೋಟರಿನ ಪಾಸಿಟಿವ್‌ಗೆ, ಬಾಡಿಯಿಂದ ದಪ್ಪ ವೈರು ಸಪ್ಲೈ ನೆಗೆಟಿವ್‌ಗೆ, ಎರಡೂ ಎನೇಬಲ್ ಪಿನ್ 5 ವೋಲ್ಟಿಗೆ. ಹೊರಗಿನ ಡಯೋಡೂ ಬೇಡ. ಪಾಸಿಟಿವ್ ಲೈನಲ್ಲಿ 10 ಆಂಪ್ ಫ್ಯೂಸ್ ಇರಲಿ. ಮಸಾಲೆ ಗಟ್ಟಿಯಾಗಿ ಮೋಟರ್ ನಿಂತ್ರೆ 20 ಆಂಪ್ ದಾಟುತ್ತೆ.

ಬಿಸಿಗೆ ಕಾರಣ: ಐಆರ್‌ಎಫ್‌ಝಡ್44ಎನ್ ಪೂರ್ತಿ ತೆರೆದುಕೊಳ್ಳೋಕೆ ಗೇಟಲ್ಲಿ 10 ವೋಲ್ಟ್ ಬೇಕು. ಪ್ರಿಂಟರ್ ಪೋರ್ಟ್ ಕೊಡೋದು ಹೆಚ್ಚೆಂದರೆ 5, ಅದೂ ಕೆಲವೇ ಮಿಲಿಆಂಪ್. 1ಎನ್4007 ಕೂಡ 50 ಹರ್ಟ್ಸ್ ರೆಕ್ಟಿಫೈಯರ್ ಕೆಲಸದ್ದು, 1 ಆಂಪಿನದು, ಇಲ್ಲಿಗಲ್ಲ.

ಸಕ್ಕರೆನಾಡು_ಎಂಬೆಡೆಡ್ (ಮಂಡ್ಯ)

ಜರ್ಕ್ ವಿಂಡೋಸಿನದು. ಅದರ ಗಡಿಯಾರದ ಟಿಕ್ಕೇ ಮಾಮೂಲಿಗೆ 15.6 ಮಿಲಿಸೆಕೆಂಡ್, ನೀವು ಕೇಳ್ತಿರೋ 100 ಹರ್ಟ್ಸಿನ ಒಂದು ಸುತ್ತು 10 ಮಿಲಿಸೆಕೆಂಡ್. ಪಿಸಿ ಆಜ್ಞೆ ಮಾತ್ರ ಕೊಡಲಿ, ಪಲ್ಸ್ ಎಬ್ಬಿಸೋ ಕೆಲಸ ಆರ್ಡುಯಿನೊ ನ್ಯಾನೋಗೆ (ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್) ಬಿಡಿ. ಪಿಸಿಯಿಂದ ಯುಎಸ್‌ಬಿ ಸೀರಿಯಲ್‌ನಲ್ಲಿ 0ರಿಂದ 255ರವರೆಗಿನ ಒಂದು ಸಂಖ್ಯೆ, ಕೊನೆಗೆ ನ್ಯೂಲೈನ್. ನ್ಯಾನೋ ಅದನ್ನ 9ನೇ ಪಿನ್‌ಗೆ ಅನಲಾಗ್‌ರೈಟ್ (ಪಿಡಬ್ಲ್ಯುಎಂ ಎಬ್ಬಿಸೋ ಆಜ್ಞೆ) ಮಾಡಲಿ, ಆ ಪಿನ್ ಬಿಟಿಎಸ್7960ರ ಬಳಸೋ ಅರ್ಧದ ಪಿಡಬ್ಲ್ಯುಎಂ ಇನ್‌ಪುಟ್‌ಗೆ ಹೋಗಲಿ, ಅಲ್ಲಿ ಸುಮಾರು 490 ಹರ್ಟ್ಸ್ ಸಿಗುತ್ತೆ. ಮೋಟರ್ ಸ್ವಲ್ಪ ಕುಂಯ್ ಅನ್ನುತ್ತೆ, ಅನ್ನಲಿ.

ಪೋರ್ಟ್ ಓಪನ್ ಮಾಡಿದ ತಕ್ಷಣ ನ್ಯಾನೋ ರೀಸೆಟ್ ಆಗುತ್ತೆ. 2 ಸೆಕೆಂಡ್ ಕಾದು ಆಮೇಲೆ ಮೊದಲ ಸಂಖ್ಯೆ ಕಳಿಸಿ. ಆ ಹೊತ್ತಲ್ಲಿ ಮೋಟರ್ ತಾನೇ ತಿರುಗದಂತೆ 9ನೇ ಪಿನ್‌ನಿಂದ ಗ್ರೌಂಡಿಗೆ 10ಕೆ ರೆಸಿಸ್ಟರ್ ಹಾಕಿ. ಒಂದು ಸೆಕೆಂಡ್ ಯಾವ ಸಂಖ್ಯೆಯೂ ಬರದಿದ್ರೆ ನ್ಯಾನೋ ಮೋಟರ್ ನಿಲ್ಲಿಸಬೇಕು, ಪಿಸಿ ಹ್ಯಾಂಗ್ ಆದ್ರೂ ಬ್ಲೇಡ್ ತಿರುಗ್ತಾ ಇರಬಾರದಲ್ಲ. ಯುಎಸ್‌ಬಿ ಆಗಾಗ ಕಡಿದು ಹೋದ್ರೆ ಬ್ರಷ್ ಕಿಡಿ ಕಾರಣ: ಮೋಟರ್ ಟರ್ಮಿನಲ್ಲಿಗೂ ಬಾಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ.

ಮೇಟಗಳ್ಳಿ_ಬೆಂಚ್

ಬೀಪ್ ಬಂತು ಸರ್, ಬಾಡಿ ನೆಗೆಟಿವ್ವೇ. ಕೇಬಲ್ ಬಿಚ್ಚಿದೆ. ಮಸಾಲೆ ಗಟ್ಟಿ ಆದ ಹಾಗೆ ಸ್ಪೀಡ್ ಇಳಿಯುತ್ತಲ್ಲ, ಅದಕ್ಕೇನು? ಮುಂದೆ 10 ಕೆಜಿ ಡ್ರಮ್ಮಿಗೆ ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರನ್ನೂ ಹೀಗೇ ಓಡಿಸಬಹುದಾ?

ಸಕ್ಕರೆನಾಡು_ಎಂಬೆಡೆಡ್

ಶಾಫ್ಟಿಗೆ 20 ಸೀಳಿನ ಡಿಸ್ಕ್, ಸ್ಲಾಟ್ ಸೆನ್ಸರಿನ (ಸೀಳು ದಾಟಿದಾಗಲೆಲ್ಲ ಪಲ್ಸ್ ಕೊಡೋದು) ಔಟ್‌ಪುಟ್ ನ್ಯಾನೋದ 2ನೇ ಪಿನ್‌ಗೆ. 45 ಆರ್‌ಪಿಎಂನಲ್ಲಿ ಸೆಕೆಂಡಿಗೆ ಬರೋದು 15 ಪಲ್ಸ್ ಮಾತ್ರ, ಎಣಿಸಿದ್ರೆ ತೀರಾ ಒರಟು ಲೆಕ್ಕ. ಎರಡು ಪಲ್ಸ್ ನಡುವಿನ ಸಮಯವನ್ನೇ ಅಳೆಯಿರಿ, ಸುಮಾರು 67 ಮಿಲಿಸೆಕೆಂಡ್ ಇರಬೇಕು. ಜಾಸ್ತಿ ಆದ್ರೆ ಪಿಡಬ್ಲ್ಯುಎಂ ನಿಧಾನಕ್ಕೆ ಏರಿಸಿ.

ಹೆಬ್ಬಾಳ_ಪ್ಯಾನಲ್

ಸಿಂಗಲ್ ಫೇಸ್ ಮೋಟರಿಗೆ ಇದು ನಡೆಯಲ್ಲ. ಅದರ ಸ್ಪೀಡ್ ನಿರ್ಧಾರ ಆಗೋದು 50 ಹರ್ಟ್ಸಿಂದ. ವೋಲ್ಟೇಜ್ ಇಳಿಸಿದ್ರೆ ಟಾರ್ಕ್ ಸತ್ತು ವೈಂಡಿಂಗ್ ಸುಡುತ್ತೆ. ತ್ರೀ ಫೇಸ್ ಅರ್ಧ ಎಚ್‌ಪಿ ಮೋಟರ್ ತಗೊಂಡು 230 ವೋಲ್ಟ್ ಸಿಂಗಲ್ ಫೇಸ್ ಇನ್‌ಪುಟ್ ವಿಎಫ್‌ಡಿ (ಫ್ರೀಕ್ವೆನ್ಸಿ ಬದಲಿಸಿ ಸ್ಪೀಡ್ ಬದಲಿಸೋ ಡ್ರೈವ್) ಹಾಕಿ. ನೇಮ್‌ಪ್ಲೇಟಲ್ಲಿ 230/415 ಅಂತ ಇರೋದನ್ನೇ ಆರಿಸಿ, ಟರ್ಮಿನಲ್ ಬಾಕ್ಸಲ್ಲಿ ಲಿಂಕುಗಳನ್ನ ಡೆಲ್ಟಾಗೆ ಬದಲಿಸಿ (ಡೆಲ್ಟಾ, ಸ್ಟಾರ್ ಅಂದ್ರೆ ವೈಂಡಿಂಗ್ ಜೋಡಿಸೋ ಎರಡು ರೀತಿ); ಸ್ಟಾರಲ್ಲೇ ಬಿಟ್ಟರೆ ಲೋಡ್ ಎಳೆಯಲ್ಲ. ಪಿಸಿಯಿಂದ ಯುಎಸ್‌ಬಿ-ಆರ್‌ಎಸ್485 ಕನ್ವರ್ಟರ್, ಮಾಡ್‌ಬಸ್‌ನಲ್ಲಿ (ಯಂತ್ರಗಳಿಗೆ ಆಜ್ಞೆ ಕಳಿಸೋ ಪ್ರೋಟೋಕಾಲ್) ಫ್ರೀಕ್ವೆನ್ಸಿ ಬರೆದರಾಯ್ತು. ರಿಜಿಸ್ಟರ್ ನಂಬರ್ ಕಂಪನಿಗೊಂದು ಥರ, ಮ್ಯಾನುಯಲ್ ನೋಡ್ಕೊಳ್ಳಿ. 20 ಹರ್ಟ್ಸಿಗಿಂತ ಕೆಳಗೆ ತುಂಬಾ ಹೊತ್ತು ಓಡಿಸೋದಾದ್ರೆ ಮೋಟರಿಗೆ ಬೇರೆ ಫ್ಯಾನ್ ಇಡಿ.