ಮರು: ‘ಪಾಸಿಟಿವ್ ಅರ್ತ್’ಗೆ ಕನ್ನಡ ಪದ ಬೇಕು (ಟ್ರಾಕ್ಟರ್ ಶೆಡ್ಡಿನ ಬೋರ್ಡಿಗೆ, ತುರ್ತು)

> ಮಂಡ್ಯದ ಹತ್ತಿರ ನಮ್ಮ ಶೆಡ್ಡಿನಲ್ಲಿ ಹಳೇ ಫರ್ಗುಸನ್ ಟಿಇ20 ಟ್ರಾಕ್ಟರ್ ಇದೆ. ಬ್ಯಾಟರಿ ಚಾರ್ಜ್ ಮಾಡುವ ಕಡೆ ಬೋರ್ಡು ಬರೆಸಬೇಕು. ನಾಳೆ ಪೇಂಟರ್ ಬರ್ತಾನೆ. ‘ಪಾಸಿಟಿವ್ ಅರ್ತ್’ಗೆ, ಅಂದರೆ ಬ್ಯಾಟರಿಯ ಪ್ಲಸ್ ವೈರು ಗಾಡಿಯ ಕಬ್ಬಿಣಕ್ಕೆ ಕೂತಿರುವುದಕ್ಕೆ, ಏನು ಬರೆಸಲಿ?

> ‘ಧನ ಭೂಸಂಪರ್ಕ’. ಇದರಲ್ಲಿ ಚರ್ಚೆಗೆ ಏನಿದೆ?

ಚರ್ಚೆಗೆ ಇದೆ ಸಾರ್. ಭೂಸಂಪರ್ಕ ಅನ್ನೋದು ಮನೆ ವೈರಿಂಗಿಗೆ ಒಪ್ಪುವ ಪದ. ಅಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಸುರಿದು, ಪೈಪು ಹೂಳುತ್ತಾರೆ. ತಂತಿ ನಿಜವಾಗಿಯೂ ನೆಲಕ್ಕೆ ಇಳಿಯುತ್ತದೆ. ಟ್ರಾಕ್ಟರ್ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಬ್ಯಾಟರಿಯ ಒಂದು ವೈರು ಹೋಗಿ ಕೂರುವುದು ಗಾಡಿಯ ಕಬ್ಬಿಣಕ್ಕೆ. ಭೂಮಿಗೂ ಅದಕ್ಕೂ ಸಂಬಂಧವೇ ಇಲ್ಲ. ಈ ಬೋರ್ಡು ಓದಿದ ಹುಡುಗ ನೆಲಕ್ಕೆ ಸರಳು ಬಡಿದು ವೈರು ಸುತ್ತಿದರೆ ಅವನನ್ನು ಬೈಯುವ ಹಾಗಿಲ್ಲ.

> ‘ಧನಾಗ್ರ’ ಪಠ್ಯಪುಸ್ತಕದಲ್ಲೇ ಇದೆ. ‘ಪ್ಲಸ್’ ಬರೆಯುವುದು ಸೋಮಾರಿತನ.

ಪಠ್ಯದಲ್ಲಿ ಧನಾಗ್ರ ಅಂದರೆ ಆನೋಡ್, ಕರೆಂಟು ಬ್ಯಾಟರಿಯ ಒಳಗೆ ಹೋಗುವ ತುದಿ. ಹೊರಗೆ ಬರುವ ತುದಿ ಕ್ಯಾಥೋಡ್. ಬ್ಯಾಟರಿ ಕರೆಂಟು ಕೊಡುವಾಗ ಪ್ಲಸ್ ತುದಿ ಕ್ಯಾಥೋಡ್ ಆಗಿರುತ್ತದೆ, ಚಾರ್ಜ್ ಆಗುವಾಗ ಅದೇ ತುದಿ ಆನೋಡ್ ಆಗುತ್ತದೆ. ಅಂದರೆ ಪದ ಅದಲು ಬದಲಾಗುತ್ತದೆ, ಪ್ಲಸ್ ಮಾತ್ರ ಯಾವಾಗಲೂ ಪ್ಲಸ್ಸೇ. ಬ್ಯಾಟರಿ ಮೇಲೆ ಅಚ್ಚಾಗಿರುವುದೂ + ಗುರುತೇ ಅಲ್ವಾ?

> ಬ್ಯಾಟರಿ ಅಲ್ಲ, ಮಿಂಗೂಡು. ಚಾರ್ಜ್ ಅಲ್ಲ, ತುಂಬು. ಎರವಲು ಪದ ಹಾಕಿದ ಬೋರ್ಡು ಕನ್ನಡದ ಬೋರ್ಡೇ ಅಲ್ಲ.

ಇದನ್ನು ಖಂಡಿತ ಒಪ್ಪಲಾರೆ. ‘ಬ್ಯಾಟರಿ ತುಂಬಿಸಿ’ ಅಂತ ಬರೆದು ನೋಡಿ. ಓದಿದವನು ಮುಚ್ಚಳ ತೆಗೆದು ನೀರು ಸುರಿಯುತ್ತಾನೆ. ಹಳೇ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿಸುವುದು ವಾಡಿಕೆಯ ಕೆಲಸ, ‘ತುಂಬು’ ಅನ್ನೋ ಪದ ಅಲ್ಲಿ ಆಗಲೇ ಕೆಲಸದಲ್ಲಿದೆ. ಅದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಬೇಡಿ. ಎರವಲಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಬೋರ್ಡು ಓದಬೇಕಾದ ‘ರೈತ’ ಅರಬ್ಬಿಯಿಂದ ಬಂದ ಪದ, ಅವನ ‘ಜಮೀನು’ ಪಾರಸಿಯದು. ನಮ್ಮ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಈ ಸೀಮೆಯಲ್ಲಿ ‘ಕರೆಂಟು’ ಈಗ ಮನೆಮಾತು. ಮಂಡ್ಯದವನಿಗೆ ಅದು ಕನ್ನಡವಲ್ಲ ಅಂತ ಹೇಳುವ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ.

ಈಗ ಕೇಳಿದ ಪದಕ್ಕೆ ಬರೋಣ. ಗ್ಯಾರೇಜಿನವರ ಹಾಗೆ ‘ಪ್ಲಸ್ ಬಾಡಿಗೆ’ ಅಂತ ಬರೆಸಲೂಬೇಡಿ. ಬಾಯಲ್ಲಿ ಹೇಳಿದರೆ ಅರ್ಥವಾಗುತ್ತದೆ, ಬರಹದಲ್ಲಿ ಅದು ದುಡ್ಡು ಕೊಡುವ ಬಾಡಿಗೆ, ಸಂಸ್ಕೃತದ ‘ಭಾಟಕ’ದ ತದ್ಭವ. ‘ಟ್ರಾಕ್ಟರ್ ಬಾಡಿಗೆಗೆ ಇದೆ’ ಅನ್ನೋ ಬೋರ್ಡು ಊರೂರಲ್ಲಿ ಇರುವಾಗ ಟ್ರಾಕ್ಟರ್ ಪಕ್ಕದಲ್ಲೇ ಈ ಗೊಂದಲ ಯಾಕೆ? ‘ಚಾಸಿಗೆ’ (ಗಾಡಿಯ ತಳದ ಚೌಕಟ್ಟಿಗೆ) ಅನ್ನೋಣವೆಂದರೆ ಫರ್ಗುಸನ್‌ಗೆ ಬೇರೆ ಚಾಸಿಯೇ ಇಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಇವನ್ನೇ ಒಂದಕ್ಕೊಂದು ಬೋಲ್ಟ್ ಹಾಕಿ ಗಾಡಿ ಮಾಡಿದ್ದಾರೆ. ಹಾಗಾಗಿ ‘ಕಬ್ಬಿಣ’ವೇ ಸರಿ. ಅಚ್ಚಗನ್ನಡ ಪದ, ಕೈಯಲ್ಲಿ ಮುಟ್ಟಿ ತೋರಿಸಬಹುದಾದ ವಸ್ತು.

ಪದಕ್ಕೆ ಇಷ್ಟು ಹಟ ಹಿಡಿಯಲು ಕಾರಣ ಇದೆ. ಈಗಿನ ಗಾಡಿಗಳಲ್ಲಿ ಕಬ್ಬಿಣಕ್ಕೆ ಕೂರುವುದು ಮೈನಸ್. ಅದಕ್ಕೇ ‘ಮೊದಲು ಮೈನಸ್ ಬಿಚ್ಚು’ ಅಂತ ಎಲ್ಲರಿಗೂ ರೂಢಿ. ಪ್ಲಸ್ ಕಬ್ಬಿಣಕ್ಕೆ ಕೂತಿರುವ ಗಾಡಿಯಲ್ಲಿ ಆ ರೂಢಿ ನಡೆಸಿದರೆ, ಮೈನಸ್ ನಟ್ಟಿಗೆ ಹಾಕಿದ ಸ್ಪ್ಯಾನರ್‌ನ ಇನ್ನೊಂದು ತುದಿ ಬಾನೆಟ್ಟಿಗೋ ಬ್ರಾಕೆಟ್ಟಿಗೋ ತಾಗಿದರೆ ಸಾಕು, ಇಡೀ ಬ್ಯಾಟರಿ ಶಾರ್ಟ್. ಚಾರ್ಜ್ ಆದ ಬ್ಯಾಟರಿ ಸುತ್ತ ಹೈಡ್ರೋಜನ್ ಇರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೂ ಒಂದು ಕಿಡಿಗೆ ಸಿಡಿಯುತ್ತದೆ. ಆಸಿಡ್ ಮುಖಕ್ಕೆ ಹಾರುತ್ತದೆ. ಹೈಡ್ರೋಜನ್ನೋ ಜಲಜನಕವೋ ಅನ್ನೋ ಜಗಳ ಬೋರ್ಡಿನಲ್ಲಿ ಬೇಡ, ‘ಹೊತ್ತಿಕೊಳ್ಳುವ ಗಾಳಿ’ ಅಂದರೆ ಆಯಿತು.

ಪೇಂಟರ್‌ಗೆ ಹೀಗೆ ಕೊಡಿ:

ಈ ಗಾಡಿಯಲ್ಲಿ ಪ್ಲಸ್ (+) ವೈರು ಕಬ್ಬಿಣಕ್ಕೆ ಕೂತಿದೆ.
ಬಿಚ್ಚುವಾಗ ಕಬ್ಬಿಣದ ವೈರು ಮೊದಲು. ಹಾಕುವಾಗ ಅದೇ ಕೊನೆಗೆ.
ಬ್ಯಾಟರಿ ಕೆಳಗಿಳಿಸಿ ಚಾರ್ಜ್‌ಗೆ ಹಾಕಿ. ಚಾರ್ಜರ್ + ಕ್ಲಿಪ್ಪು ಬ್ಯಾಟರಿ + ಗೆ, – ಕ್ಲಿಪ್ಪು – ಗೆ.
ಕ್ಲಿಪ್ ಕಚ್ಚಿಸಿದ ಮೇಲೆ ಸ್ವಿಚ್ ಹಾಕಿ. ಸ್ವಿಚ್ ಆರಿಸಿದ ಮೇಲೆ ಕ್ಲಿಪ್ ತೆಗೆಯಿರಿ.
ಹೊತ್ತಿಕೊಳ್ಳುವ ಗಾಳಿ ಬರುತ್ತದೆ. ಬಾಗಿಲು ತೆರೆದಿರಲಿ. ಬೀಡಿ, ಬೆಂಕಿ ಬೇಡ.

ಚಾರ್ಜರ್ 12 ವೋಲ್ಟಿಗೆ ಇಡಬೇಕೋ 6ಕ್ಕೋ ಅನ್ನೋದಕ್ಕೆ ಬೇರೆ ಸಾಲು ಬೇಡ. ಇಂಥ ಹಳೇ ಬ್ಯಾಟರಿಯ ಮುಚ್ಚಳ ಎಣಿಸಿದರೆ ತಿಳಿಯುತ್ತದೆ: ಒಂದೊಂದು ಮುಚ್ಚಳಕ್ಕೆ 2 ವೋಲ್ಟು.

ಬಣ್ಣ ಹಚ್ಚುವ ಮೊದಲು ಗಾಡಿಯನ್ನೇ ಒಮ್ಮೆ ನೋಡಿ. ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದ ಹಳೇ ಗಾಡಿಗಳಲ್ಲಿ ಮೈನಸ್ಸನ್ನೇ ಕಬ್ಬಿಣಕ್ಕೆ ತಿರುಗಿಸಿರುವುದು ಜಾಸ್ತಿ. ನಿಮ್ಮದನ್ನೂ ಹಾಗೆ ತಿರುಗಿಸಿದ್ದರೆ ಬೋರ್ಡಿನ ಮೊದಲ ಸಾಲು ಬದಲಾಗಬೇಕು, ಉಳಿದದ್ದು ಹಾಗೇ ಇರಲಿ.