ಅಪ್ಪಯ್ಯನ ತೂಕ ಮೂರು ದಿನದಲ್ಲಿ ಎರಡೂವರೆ ಕೆಜಿ ಏರಿದೆ, ಮುಂದಿನ ವಾರದವರೆಗೆ ಕಾಯಬಹುದಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಡಾಕ್ಟ್ರೇ, ಅಪ್ಪಯ್ಯನಿಗೆ 68 ವರ್ಷ. ಹಾರ್ಟ್ ಫೇಲ್ಯೂರ್ ಇದೆ. ಫ್ಯೂರೊಸೆಮೈಡ್ (ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ 'ನೀರಿನ ಮಾತ್ರೆ'), ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ತಗೊಳ್ತಾರೆ. ಊಟ ಕಮ್ಮಿಯಾಗಿದೆ, ಆದ್ರೂ ತೂಕ 58ರಿಂದ 60.5 ಆಗಿದೆ. ಉಬ್ಬಸ ಇಲ್ಲ. ಮಳೆ ಜೋರು, ಶಿವಮೊಗ್ಗದಲ್ಲಿ ಚೆಕಪ್ ಇರೋದು ಮುಂದಿನ ವಾರ.

ಉತ್ತರ: ಕಾಯಬೇಡಿ. ನೋಡ್ತಿರುವ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಊಟ ಕಮ್ಮಿಯಾಗಿಯೂ ಇಷ್ಟು ಬೇಗ ಏರಿದ ತೂಕ ಹೆಚ್ಚಾಗಿ ಮೈಯಲ್ಲಿ ನಿಂತ ನೀರೇ. ಹೃದಯ ಸಾಕಷ್ಟು ರಕ್ತ ತಳ್ಳದಿದ್ದಾಗ ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತೆ. ಒಂದು ಲೀಟರ್ ನಿಂತರೆ ಒಂದು ಕೆಜಿ. ಉಬ್ಬಸ ಎಷ್ಟೋ ಸಲ ಆಮೇಲೆ ಬರುತ್ತೆ. ಮೂರು ದಿನದಲ್ಲಿ 2 ಕೆಜಿ ದಾಟಿದರೆ ಫೋನ್ ಮಾಡಲೇಬೇಕು.

ಫೋನಿಗೆ ಮೊದಲು ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳನ್ನು ಐದಾರು ಸೆಕೆಂಡ್ ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಬಾವು ಇದೆ. ರಾತ್ರಿ ಒಂದು ದಿಂಬು ಸಾಲದೆ ಎರಡು, ಮೂರು ಕೇಳ್ತಿದ್ದಾರಾ ನೋಡಿ, ಅದನ್ನೂ ಹೇಳಿ. ಮಲಗಲಾಗದಷ್ಟು ಉಸಿರು ಕಟ್ಟಿದರೆ, ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಫೋನಲ್ಲಿ ಕೇಳ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಉಸಿರು ಕಟ್ಟಿದವರನ್ನು ಮಲಗಿಸಬೇಡಿ, ಒರಗಿಸಿ ಕೂರಿಸಿ.

ತೂಕ ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು, ಒಂದೇ ಥರದ ಬಟ್ಟೆಯಲ್ಲಿ ನೋಡಿ. ಸ್ಕೇಲನ್ನು ಚಾಪೆ ಮೇಲೆ ಇಡಬೇಡಿ, ಲೆಕ್ಕ ತಪ್ಪುತ್ತೆ. ಗಟ್ಟಿ, ಸಮ ನೆಲ ಬೇಕು. ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆದಿಡಿ.

ಪ್ರಶ್ನೆ (ಅವರೇ): ಫೋನ್ ಮಾಡಿದೆ, ನಾಳೆ ಬರೋಕೆ ಹೇಳಿದ್ರು. ಗಂಜಿ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದಿದ್ರೆ ಉಣ್ಣಲ್ಲ. ತೊಳೆದು ಕೊಡಬಹುದಾ?

ಉತ್ತರ: ತೊಳೆದರೆ ಹೊರಗಿನ ರಸ ಹೋಗುತ್ತೆ ಅಷ್ಟೆ. ಮಿಡಿ ಉಪ್ಪಿನಲ್ಲೇ ಕೂತು ಮುರುಟಿದ್ದು, ಉಪ್ಪು ಅದರ ಒಳಗೇ ಇಳಿದಿರುತ್ತೆ. ಹಪ್ಪಳ, ಬಾಳಕದ ಮೆಣಸು, ಒಣಮೀನಿನದೂ ಇದೇ ಕಥೆ. ಅಡುಗೆಯದೂ ಸೇರಿ ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀ ಚಮಚ ದಾಟಬಾರದು. ಬಾಯಿರುಚಿ ಹೋದವರಿಗೆ ಗಂಜಿ ಸಪ್ಪೆ ಅನಿಸೋದು ನಿಜ. ನಿಂಬೆಹುಳಿ, ಶುಂಠಿ, ಜೀರಿಗೆ, ಸೂಜಿಮೆಣಸು ಹಾಕಿ ಉಪ್ಪಿಲ್ಲದೆ ಗೊಜ್ಜು ಮಾಡಿಕೊಡಿ. 'ಕಡಿಮೆ ಸೋಡಿಯಂ' ಉಪ್ಪು ಮಾತ್ರ ತರಬೇಡಿ: ಅದರಲ್ಲಿ ಪೊಟ್ಯಾಶಿಯಂ ಇರುತ್ತೆ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ಎರಡೂ ಪೊಟ್ಯಾಶಿಯಂ ಏರಿಸುವ ಮಾತ್ರೆಗಳು, ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪುತ್ತೆ. ದಿನಾ ಎಳನೀರು ಕೊಡ್ತಿದ್ದರೆ ಅದನ್ನೂ ಡಾಕ್ಟರಿಗೆ ತಿಳಿಸಿ. ನೀರಿಗೆ ಮಿತಿ ಹೇಳಿದ್ದರೆ ಗಂಜಿತಿಳಿ, ಮಜ್ಜಿಗೆ, ತಂಬುಳಿ, ಕಷಾಯ ಎಲ್ಲ ಆ ಲೆಕ್ಕಕ್ಕೇ ಸೇರಬೇಕು.

ಪ್ರಶ್ನೆ (ಸಾಗರದಿಂದ): ಅಮ್ಮನಿಗೂ ಹಾರ್ಟ್ ಫೇಲ್ಯೂರ್ ಇದೆ. ಮಂಡಿನೋವಿಗೆ ಮೆಡಿಕಲ್‌ನಿಂದ ಮಾತ್ರೆ ತರಬಹುದಾ ಸರ್? ಬಸ್ಸಿನ ದಿನ ಅಮ್ಮ ನೀರಿನ ಮಾತ್ರೆ ಬಿಡ್ತಾರೆ.

ಉತ್ತರ: ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಅವು ಮೈಯಲ್ಲಿ ನೀರು ನಿಲ್ಲುವಂತೆ ಮಾಡುತ್ತವೆ, ಕಿಡ್ನಿಗೂ ಪೆಟ್ಟು. ಪ್ಯಾರಾಸಿಟಮಾಲ್ ಎಷ್ಟು ಅಂತ ಡಾಕ್ಟರನ್ನೇ ಕೇಳಿ. ನೀರಿನ ಮಾತ್ರೆ ಬಿಡೋದು ಬೇಡ, ಹೊತ್ತು ಬದಲಿಸಬಹುದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಸಾಮಾನ್ಯವಾಗಿ ಮನೆ ತಲುಪಿದ ಮೇಲೆ, ಮಧ್ಯಾಹ್ನ ತಗೊಂಡರೂ ನಡೆಯುತ್ತೆ. ಸಂಜೆ ಮೇಲೆ ತಗೊಂಡರೆ ರಾತ್ರಿಯೆಲ್ಲ ಏಳಬೇಕಾಗುತ್ತೆ, ಕತ್ತಲಲ್ಲಿ ಒದ್ದೆ ಅಂಗಳ ದಾಟುವಾಗ ಜಾರಿ ಬೀಳುವ ಭಯ.