ಅಪ್‌ಡೇಟ್: ಕಾಣೆಯಾಗಿದ್ದ ಹಳೇ ಮೇಲ್‌ಗಳು ಸಿಕ್ಕಿದ್ವು

ಅಂಗಡಿ ಮೇಲ್ ಹೊಸ ಪ್ರೊವೈಡರ್‌ಗೆ ಬದಲಾಯಿಸಿದ್ಮೇಲೆ ಬಿಲ್, ಆರ್ಡರ್ ಫೋಲ್ಡರ್‌ಗಳೇ ಕಾಣ್ತಿಲ್ಲ ಅಂತ ಕೇಳಿದ್ನಲ್ಲ, ಸಿಕ್ತು. ಸ್ಪ್ಯಾಮಲ್ಲಿ ಏನೂ ಇರ್ಲಿಲ್ಲ, ಅಕೌಂಟ್ ತೆಗ್ದು ಮತ್ತೆ ಹಾಕಿದ್ರೂ ಅಷ್ಟೇ. ಕೆಲ್ಸಕ್ಕೆ ಬಂದಿದ್ದು ಮೊದ್ಲು ವೆಬ್‌ಮೇಲ್ ನೋಡಿ ಅಂದವರ ಮಾತು. ಬ್ರೌಸರಲ್ಲಿ ತೆಗೆದ್ರೆ ಎಲ್ಲಾ ಫೋಲ್ಡರೂ ಇದ್ವು, ಕಂಪ್ಯೂಟರಲ್ಲಿ ಮೇಲ್ ನೋಡೋ ಥಂಡರ್‌ಬರ್ಡ್ ಪ್ರೋಗ್ರಾಮಲ್ಲಿ ಮಾತ್ರ ಇಲ್ಲ, ಯಾಕಂದ್ರೆ ಐಮ್ಯಾಪಲ್ಲಿ (ಮೇಲ್ ಸರ್ವರಲ್ಲೇ ಇಟ್ಟು ನೋಡೋ ವಿಧಾನ) ಫೋಲ್ಡರ್‌ಗಳಿಗೆ ಸಬ್‌ಸ್ಕ್ರೈಬ್ ಆಗಿರ್ಬೇಕಂತೆ, ಅಂದ್ರೆ ಯಾವ್ಯಾವ್ದು ತೋರಿಸ್ಬೇಕು ಅಂತ ಆರಿಸಿರ್ಬೇಕಂತೆ, ಅಕೌಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸಬ್‌ಸ್ಕ್ರೈಬ್ ಒತ್ತಿ ಟಿಕ್ ಹಾಕಿದ ತಕ್ಷಣ ಒಂದೊಂದಾಗಿ ಬಂದ್ವು.

ಆದ್ರೆ 2019ಕ್ಕಿಂತ ಹಿಂದಿನವು ಸರ್ವರಲ್ಲೇ ಇರ್ಲಿಲ್ಲ. ಆಗ ಪಾಪ್ (ಮೇಲನ್ನ ಕಂಪ್ಯೂಟರ್‌ಗೇ ಇಳಿಸ್ಕೊಳ್ಳೋ ವಿಧಾನ) ಸೆಟ್ಟಿಂಗ್ ಇತ್ತು, ಡೌನ್‌ಲೋಡ್ ಆದ್ಮೇಲೆ ಸರ್ವರಿಂದ ಅಳಿಸಿಹೋಗ್ತಿತ್ತು. ಅವೆಲ್ಲಾ ಹಳೇ ಕಂಪ್ಯೂಟರ್‌ನ ಇನ್‌ಬಾಕ್ಸಲ್ಲೇ ಇವೆ, ಅಲ್ಲಿಂದ ಈಗ ಹೊಸ ಅಕೌಂಟ್‌ಗೆ ಕಾಪಿ ಮಾಡ್ತಿದೀನಿ. ಹಳೇದನ್ನ ಗುಜರಿಗೆ ಹಾಕೋ ಮುಂಚೆ ದಯವಿಟ್ಟು ಇದೊಂದು ನೋಡ್ಕೊಳ್ಳಿ. ವೆಬ್‌ಮೇಲ್ ನೋಡಿ ಅಂದವ್ರಿಗೆ ತುಂಬಾ ಥ್ಯಾಂಕ್ಸ್.